ಉದ್ಯಮವೂ ವಿದ್ಯಾದತ್ತಿಯೂ: ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯನ್ನು ಕುರಿತ ಒಂದು ವಿಚಾರ

ವಿದ್ಯೆಗೆ ದತ್ತಿ ಬಿಡುವುದು ಅರಸುಗಳ ಧರ್ಮವೆಂದೂ, ವಣಿಜರ ಧರ್ಮವು ಕೆರೆ ಬಾವಿ ಛತ್ರಗಳಲ್ಲಿ ಮುಗಿಯಿತೆಂದೂ ಸಾಮಾನ್ಯವಾಗಿ ಭಾವಿಸಲ್ಪಟ್ಟಿದೆ. ಧರ್ಮಶಾಸ್ತ್ರಕಾರರು ಯಜ್ಞಾದಿಗಳನ್ನು ಇಷ್ಟವೆಂದೂ, ವಾಪೀ ಕೂಪ ತಟಾಕ ದೇವಾಲಯ ಆರಾಮಗಳನ್ನು ಪೂರ್ತವೆಂದೂ ವಿಭಾಗಿಸಿರುವುದೇ ಈ ಭಾವನೆಗೆ ಮೂಲವಾಗಿರಬಹುದು. ಆದರೆ ಗೋವು, ಭೂಮಿ, ವಿದ್ಯೆ ಈ ಮೂರರ ದಾನವನ್ನು ಅತಿದಾನವೆಂದು ಬೇರೆಯಾಗಿ ಎಣಿಸಿದವರೂ ಆ ಶಾಸ್ತ್ರಕಾರರೇ. ಕರ್ಣಾಟಕದ ಶಾಸನಗಳನ್ನು ನೋಡಿದರೆ, ಅಯ್ಯಾವೊಳೆಯ ಐನೂರ್ವರೇ ಮೊದಲಾದ ವರ್ತಕಸಂಘದವರು ತಮ್ಮ ಹೇರುಗಳ ಮೇಲೆ ಇಷ್ಟಿಷ್ಟೆಂದು ಆಯವನ್ನು ಕಟ್ಟಿಕೊಂಡು ಧರ್ಮಕಾರ್ಯಗಳಿಗೆ ಬಿಟ್ಟ ಸಂಗತಿ ಹೆಜ್ಜೆಹೆಜ್ಜೆಗೂ ದೊರೆಯುತ್ತದೆ. ಆ ಧರ್ಮಕಾರ್ಯಗಳು ನಡೆದ ದೇವಾಲಯ ಮಠಗಳೇ ಪಾಠಶಾಲೆಗಳೂ ಆಗಿದ್ದುದರಿಂದ, ವಣಿಜನ ಹಾಗ ಬೇಳೆಗಳು ವಿದ್ಯಾರ್ಥಿಯ ತುತ್ತಾಗುತ್ತಿದ್ದುವೆಂಬುದರಲ್ಲಿ ಸಂದೇಹವಿಲ್ಲ.

ಆಧುನಿಕ ಕಾಲದಲ್ಲಿ ಈ ಸಂಬಂಧಕ್ಕೆ ಒಂದು ಹೊಸ ತೊಡಕು ಸೇರಿದೆ. ಒಬ್ಬ ವಿದ್ಯಾರ್ಥಿಯನ್ನು ನಾಲ್ಕಾರು ವರ್ಷ ಪೋಷಿಸಿ ಡಾಕ್ಟರ್ ಪದವಿಗಾಗಿ ಸಂಶೋಧನೆ ಮಾಡಿಸಲು ಉದ್ಯಮದವರು ಹಣ ಕೊಡುತ್ತಾರೆ. ಆ ಸಂಶೋಧನೆಯ ವಿಷಯವು ಲೋಹವಲ್ಲ, ಬೀಜವಲ್ಲ, ಯಂತ್ರವಲ್ಲ. ಉದ್ಯಮದಿಂದ ಸಮಾಜಕ್ಕೆ ಹಿತವಾಗುವುದು ಹೇಗೆ, ಆಗುತ್ತಿದೆಯೇ ಇಲ್ಲವೇ ಎಂಬುದು. ಆಗ ದಾನಿಯೇ ಪ್ರಮೇಯವಾಗುತ್ತಾನೆ. ಪರೀಕ್ಷಿಸುವವನ ಅನ್ನವು ಪರೀಕ್ಷಿಸಲ್ಪಡುವವನ ಮನೆಯಿಂದ ಬರುತ್ತದೆ. ಹಿಂದಿನ ಅಗ್ರಹಾರದ ವಿದ್ವಾಂಸನಿಗೆ ಈ ಇಕ್ಕಟ್ಟು ಇರಲಿಲ್ಲ; ಅವನು ವ್ಯಾಖ್ಯಾನಿಸುತ್ತಿದ್ದುದು ಸೂತ್ರ ಭಾಷ್ಯಗಳನ್ನೇ ಹೊರತು ದಾನಿಯ ಅಂಗಡಿಯ ಲೆಕ್ಕವನ್ನಲ್ಲ.

ಈ ವಿಚಾರಕ್ಕೆ ಮಂಡ್ಯ, ಮದ್ದೂರು, ಮಳವಳ್ಳಿ ಎಂಬ ಮೂರು ತಾಲ್ಲೂಕುಗಳು ವಿಶೇಷವಾಗಿ ಒದಗಿಬರುತ್ತವೆ. ೧೯೩೯ರಲ್ಲಿ ಮಂಡ್ಯ ಜಿಲ್ಲೆಯು ಬೇರೆಯಾಗುವವರೆಗೆ ಇವು ಮೈಸೂರು ಜಿಲ್ಲೆಗೆ ಸೇರಿದ್ದುವು. (ಪ್ರಾಕೃತ ಶಾಸನದಿಂದ ಪ್ರಸಿದ್ಧವಾದ ಮಳವಳ್ಳಿಯು ಶಿಕಾರಿಪುರದ ಕಡೆಯದು, ಇದಲ್ಲ, ಹೆಸರೊಂದೇ ಆದುದರಿಂದ ವಿದ್ಯಾರ್ಥಿಗಳು ಆಗಾಗ ಮೋಸಹೋಗುವುದುಂಟು.) ಒಂದು ಶತಮಾನದೊಳಗೆ ವಿದ್ಯುದಾಗಾರ, ದೊಡ್ಡ ನಾಲೆ, ಪ್ರಯೋಗಕ್ಷೇತ್ರ, ಸಕ್ಕರೆಯ ಕಾರ್ಖಾನೆ ಇವೆಲ್ಲವನ್ನೂ ಕಂಡು, ಕೊನೆಗೆ ಇವುಗಳ ಫಲವೇನೆಂಬ ಡಾಕ್ಟರೇಟ್ ಸಂಶೋಧನೆಗೂ ವಿಷಯವಾದ ಸೀಮೆ ಇದು. ಹೀಗೆ ಎಲ್ಲವೂ ಒಂದೆಡೆ ಕೂಡಿಬಂದ ಪ್ರದೇಶ ಕರ್ಣಾಟಕದಲ್ಲಿ ವಿರಳ.

ದತ್ತಿಯ ಸ್ವರೂಪವನ್ನು ಮೊದಲು ನೋಡಬೇಕು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಶಿಲಾಶಾಸನವು ವಿದ್ವಾಂಸರಿಗೆ ಸುಪರಿಚಿತವಾದುದು. ಶಕವರ್ಷ ೮೭೨ರ ಈ ಶಾಸನವನ್ನು ರಾಷ್ಟ್ರಕೂಟ ಮುಮ್ಮಡಿ ಕೃಷ್ಣನೂ ಗಂಗ ಬೂತುಗನೂ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಗೆದ್ದ ವೃತ್ತಾಂತಕ್ಕಾಗಿ ಓದುವುದು ವಾಡಿಕೆ. ಬೂತುಗನ ಭಟನಾದ ಮಣಲೇರನು ಒಡೆಯನಿಂದ ಬೇಡಿ ಪಡೆದ ಕಾಳಿಯೆಂಬ ನಾಯಿ ಹಂದಿಯೊಡನೆ ಹೋರಾಡಿ ಸತ್ತುದರ ಕರುಣವನ್ನು ಎಳೆಯ ಮಕ್ಕಳೂ ಬಲ್ಲರು. ಪ್ರಕೃತ ವಿಷಯಕ್ಕೆ ಬೇಕಾದುದು ಅದರ ಕೊನೆಯ ಭಾಗ. ಆ ನಾಯಿಯ ಕಲ್ಲಿನ ಪೂಜೆಗಾಗಿ ಕೆರೆಯ ಕೆಳಗೆ ಎರಡು ಕಂಡುಗ ಭೂಮಿಯನ್ನು ಬಿಡಲಾಯಿತು. ಆ ಭೂಮಿಯನ್ನು ಅಳಿದವರಿಗೆ ನಾಯಿಯು ಮಾಡಿದ ಪಾಪ ಬರಲೆಂದಿದೆ; ಅಷ್ಟೇ ಅಲ್ಲದೆ, ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೂ ಅದೇ ಪಾಪವೆಂದು ಹೇಳಿದೆ. ಅಂದರೆ ದತ್ತಿಯನ್ನು ಕಸಿದುಕೊಳ್ಳುವವನೂ, ದತ್ತಿಯನ್ನುಂಡು ಕೆಲಸ ಮಾಡದವನೂ ಒಂದೇ ತಕ್ಕಡಿಯಲ್ಲಿ ತೂಗಲ್ಪಟ್ಟಿದ್ದಾರೆ. ಕೊಟ್ಟವನು ಕೆಲಸವನ್ನು ಗೊತ್ತುಮಾಡಿದನು. ಆದರೆ ಭೂಮಿಯನ್ನು ಧಾರೆಯೆರೆದ ಬಳಿಕ ಅದರ ಮೇಲೆ ತನ್ನ ಕೈಯನ್ನು ಇಟ್ಟುಕೊಳ್ಳಲಿಲ್ಲ.

ಇಂಡಿ ತಾಲ್ಲೂಕಿನ ಸಾಲೊಟಗಿಯ ಶಾಸನವು ಇನ್ನೊಂದು ಬಗೆಯನ್ನು ತೋರಿಸುತ್ತದೆ. ಕ್ರಿ.ಶ. ೯೪೫ರ ಈ ಶಾಸನದಲ್ಲಿ ಅದೇ ಕೃಷ್ಣನ ಮಂತ್ರಿಯಾದ ನಾರಾಯಣನು ಕಟ್ಟಿಸಿದ ಶಾಲೆಯ ವಿಷಯವಿದೆ. ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಅಲ್ಲಿಗೆ ಬರುತ್ತಿದ್ದರು. ಅವರ ವಾಸಕ್ಕೆ ಇಪ್ಪತ್ತೇಳು ಮನೆಗಳಿದ್ದುವು. ಮಂತ್ರಿಯ ದಾನವು ಸಾಲದೆಂದೋ ಏನೋ, ಮದುವೆ ಮುಂಜಿ ಚೌಲಗಳಲ್ಲಿ ಊರವರು ಶಾಲೆಗೆ ಇಂತಿಷ್ಟು ಕೊಡಬೇಕೆಂದು ನಿರ್ಣಯಿಸಲಾಗಿತ್ತು. ಒಬ್ಬನ ಔದಾರ್ಯವನ್ನೇ ನಂಬದೆ ಹಲವರ ಮೇಲೆ ಸಣ್ಣದಾಗಿ ಹಂಚಿದ ಈ ಆಯವು ಇಂದಿನ ಶಾಸನಬದ್ಧ ವಂತಿಗೆಗಳಿಗೆ ಹತ್ತಿರವಾಗಿದೆ. ಒಬ್ಬನೇ ದಾನಿಯಾದರೆ ವಿದ್ಯಾರ್ಥಿ ಅವನ ಮುಖ ನೋಡಬೇಕಾಗುತ್ತದೆ; ಊರೆಲ್ಲ ದಾನಿಯಾದರೆ ಯಾರ ಮುಖವನ್ನೂ ನೋಡಬೇಕಾಗಿಲ್ಲ.

ಇನ್ನು ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದ ಕಡೆಗೆ ಬರಬಹುದು. ಕಾವೇರಿಯು ಎರಡು ಕವಲಾಗಿ ಧುಮುಕುವ ಈ ದ್ವೀಪಕ್ಕೆ ಹಳೆಯ ಸೇತುವೆಗಳು ಹಾಳಾಗಿದ್ದಾಗ, ೧೯ನೆಯ ಶತಮಾನದ ಪೂರ್ವಾರ್ಧದಲ್ಲಿ ಅವನ್ನು ಮತ್ತೆ ಕಟ್ಟಿಸಿದವನು ಮೈಸೂರಿನ ರೆಸಿಡೆಂಟನ ಆಪ್ತ ನೌಕರನಾಗಿದ್ದ ತಿರುಚಿನಾಪಳ್ಳಿಯ ರಾಮಸ್ವಾಮಿ ಮೊದಲಿಯಾರ್. ಕಲ್ಲುಕಂಬಗಳ ಮೇಲೆ ನಿಲ್ಲಿಸಿದ ಆ ಸೇತುವೆಗಳನ್ನು ದೇಶೀಯ ಕೆಲಸಗಾರರೇ ಕಟ್ಟಿದರು. ಈ ಕಾರ್ಯಕ್ಕಾಗಿ ಅವನಿಗೆ ಜಹಗೀರಿಯೂ “ಜನೋಪಕಾರ ಕಾಮಕರ್ತ” ಎಂಬ ಬಿರುದೂ ದೊರೆತುವು. ಬಿರುದಿನ ಸಮಾಸವು ವೈಯಾಕರಣನ ಹುಬ್ಬನ್ನು ಸ್ವಲ್ಪ ಮೇಲಕ್ಕೆತ್ತಿಸುವಂಥದು. ಕರ್ಮಕರ್ತನೆಂಬುದೇ ಲೋಕದ ಬಾಯಲ್ಲಿ ಕಾಮಕರ್ತನಾಗಿದ್ದರೂ ಆಗಿರಬಹುದು. ಅದು ಹಾಗಿರಲಿ. ಖಾಸಗಿ ಸಂಪತ್ತಿನಿಂದ ಜನಕ್ಕೆ ಉಪಕಾರ ಮಾಡಿದವನನ್ನು ಗೌರವಿಸಲು ಸರ್ಕಾರವು ಒಂದು ಬಿರುದನ್ನೇ ಹುಟ್ಟಿಸಿದ ಉದಾಹರಣೆ ಈ ಸೀಮೆಯಲ್ಲಿಯೇ ಇದೆ. ಆದರೆ ಇದು ಪೂರ್ತಧರ್ಮ. ಸೇತುವೆಯಿಂದ ಉಪಕಾರವಾಯಿತೇ ಎಂದು ಯಾರೂ ಸಂಶೋಧಿಸಬೇಕಾಗಿರಲಿಲ್ಲ. ನಡೆದು ದಾಟಿದವನಿಗೆ ಗೊತ್ತಾಗುತ್ತಿತ್ತು.

ಅದೇ ಶಿವನಸಮುದ್ರದಲ್ಲಿ ೧೯೦೨ರಲ್ಲಿ ಪ್ರಾರಂಭವಾದ ವಿದ್ಯುದಾಗಾರದ ವಿಷಯದಲ್ಲಿ ಹಾಗೆ ಹೇಳುವಂತಿಲ್ಲ. ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರವರ ಆಡಳಿತದಲ್ಲಿ ಸಂಕಲ್ಪಿತವಾಗಿ, ಕ್ಯಾಪ್ಟನ್ ಜಾಲಿ ಡಿ ಲಾಟ್‌ಬಿನಿಯೇರ್ ಎಂಬ ಎಂಜಿನಿಯರನ ಯೋಜನೆಯಂತೆ ನಡೆದ ಈ ಕೆಲಸದಿಂದ ಉತ್ಪನ್ನವಾದ ವಿದ್ಯುಚ್ಛಕ್ತಿಯು ಮೊದಲು ಹೋದದ್ದು ಸುಮಾರು ೯೨ ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂದಿತು. ನೀರು ಮಳವಳ್ಳಿಯದು, ಗಣಿಯ ಯಜಮಾನಿಕೆ ಲಂಡನಿನ ಕಂಪೆನಿಗಳದು, ರಾಜಸ್ವ ಸಂಸ್ಥಾನದ್ದು. ಇದರಲ್ಲಿ ಯಾರಿಗೆಷ್ಟು ಹಿತವಾಯಿತೆಂಬುದು ದಾಟಿ ನೋಡಿ ತಿಳಿಯುವ ಸಂಗತಿಯಲ್ಲ. ಲೆಕ್ಕವಿಟ್ಟು, ಹಳ್ಳಿ ಹಳ್ಳಿಗೆ ಹೋಗಿ, ವರ್ಷಗಟ್ಟಲೆ ವಿಚಾರಿಸಿ ತಿಳಿಯಬೇಕಾದುದು. ಅಂಥ ವಿಚಾರಣೆಗೆ ಬೇಕಾದ ವಿದ್ಯೆಯು ಆಗ ಮೈಸೂರಿನಲ್ಲಿ ಏರ್ಪಟ್ಟಿರಲಿಲ್ಲ.

ಏರ್ಪಡುವ ಸಂದರ್ಭವೊಂದು ಮಾತ್ರ ಬಹು ಸಮೀಪಕ್ಕೆ ಬಂದು ತಪ್ಪಿಹೋಯಿತು. ಇದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಚರಿತ್ರೆಗೆ ಸೇರಿದುದು. ಮಂಡ್ಯ ಸೀಮೆಯ ವಿಚಾರದಲ್ಲಿ ಇದನ್ನು ತರುವುದು ಅಸಂಗತವೆಂದು ತೋರಿದರೂ, ಮುಂದಿನ ಸಂಗತಿಗಳಿಗೆ ಇದೇ ಕೀಲಿಕೈ. ಜಮ್‌ಷೆಟ್‌ಜಿ ನಸರವಾನ್‌ಜಿ ಟಾಟಾ ಎಂಬ ಮುಂಬಯಿಯ ಉದ್ಯಮಪತಿಯು ಸುಮಾರು ೩೦ ಲಕ್ಷ ರೂಪಾಯಿ ಬೆಲೆಯ ಆಸ್ತಿಯನ್ನು ಉನ್ನತ ಸಂಶೋಧನೆಗಾಗಿ ಬಿಡಲು ನಿಶ್ಚಯಿಸಿದನು. ಅವನ ಸಹಾಯಕನಾದ ಬರ್ಜೋರ್‌ಜಿ ಪಾದಷಾ ಯೂರೋಪಿನ ವಿದ್ಯಾಪೀಠಗಳನ್ನು ಸುತ್ತಿಬಂದು ಯೋಜನೆಯ ಕರಡನ್ನು ಸಿದ್ಧಪಡಿಸಿದನು. ೧೮೯೮ರ ಡಿಸೆಂಬರಿನ ಕೊನೆಯ ದಿನ ಈ ಯೋಜನೆಯು ಆಗತಾನೇ ಬಂದಿಳಿದ ಲಾರ್ಡ್ ಕರ್ಜನನ ಮುಂದೆ ಇಡಲ್ಪಟ್ಟಿತು. ಕರಡಿನಲ್ಲಿ ಮೂರು ವಿಭಾಗಗಳಿದ್ದುವು. ಒಂದು ವಿಜ್ಞಾನ ಮತ್ತು ಶಿಲ್ಪ, ಎರಡನೆಯದು ವೈದ್ಯ, ಮೂರನೆಯದು ತತ್ತ್ವಶಾಸ್ತ್ರ ಮತ್ತು ಶಿಕ್ಷಣ. ಈ ಮೂರನೆಯದರ ಒಳಗೆ ನೀತಿಶಾಸ್ತ್ರ, ಮನಶ್ಶಾಸ್ತ್ರ, ಭಾರತೀಯ ಇತಿಹಾಸ, ಅಂಕಿ ಅಂಶಗಳ ಶಾಸ್ತ್ರ, ಅರ್ಥಶಾಸ್ತ್ರ ಇವೆಲ್ಲ ಅಡಕವಾಗಿದ್ದುವು. ಬಟ್ಟೆಯ ಗಿರಣಿಗಳಿಂದ ಗಳಿಸಿದ ಹಣದಲ್ಲಿ, ಆ ಬಗೆಯ ಗಳಿಕೆಯಿಂದ ದೇಶಕ್ಕೆ ಏನಾಗುತ್ತದೆಂದು ಕೇಳುವ ಶಾಸ್ತ್ರಕ್ಕೂ ಒಂದು ಪಾಲು ಇಟ್ಟಿತ್ತು. ಈ ಸೂಕ್ಷ್ಮವನ್ನು ಸಂಸ್ಥೆಯ ಚರಿತ್ರೆಯನ್ನು ಹೇಳುವವರು ಒಂದು ವಾಕ್ಯದಲ್ಲಿ ದಾಟಿಬಿಡುವುದು ವಾಡಿಕೆಯಾಗಿದೆ.

೧೯೦೦ರಲ್ಲಿ ಸರ್ಕಾರದವರ ಅಪೇಕ್ಷೆಯಂತೆ ಪ್ರಸಿದ್ಧ ರಸಾಯನಶಾಸ್ತ್ರಜ್ಞ ವಿಲಿಯಂ ರಾಮ್ಸೆ ಬಂದು ದೇಶವನ್ನು ಸಂಚರಿಸಿ ವರದಿ ಮಾಡಿದನು. ಸ್ಥಳವು ಬೆಂಗಳೂರಾಗಲೆಂದು ಸೂಚಿಸಿದವನು ಅವನೇ. ಕೈಗಾರಿಕೆಗಳಿಗೆ ಒದಗುವ ವಿಜ್ಞಾನ ವಿಷಯಗಳು ಉಳಿದುವು. ಮೂರನೆಯ ವಿಭಾಗ ಬಿದ್ದುಹೋಯಿತು. ಹಣದ ವಿಷಯದಲ್ಲಿ ಸರ್ಕಾರದ ಮೀನ ಮೇಷಗಳು ಮುಗಿಯುವುದರೊಳಗಾಗಿ, ೧೯೦೪ರ ಮೇ ತಿಂಗಳಲ್ಲಿ, ದಾನಿಯು ಜರ್ಮನಿಯಲ್ಲಿ ಕಾಲವಾದನು. ಮೈಸೂರು ಸಂಸ್ಥಾನದವರು ೧೯೦೭ರಲ್ಲಿ ೩೭೧ ಎಕರೆ ೧೬ ಗುಂಟೆ ಭೂಮಿಯನ್ನು ಕೊಟ್ಟು, ಹಣದಿಂದಲೂ ನೆರವಾದರು. ೧೯೦೯ರ ಮೇ ೨೭ರಂದು ಸಂಸ್ಥೆಯ ಸ್ಥಾಪನೆಯ ಆಜ್ಞೆ ಹೊರಟಿತು. ೧೯೧೧ರಲ್ಲಿ ವಿದ್ಯಾರ್ಥಿಗಳು ಸೇರಿದರು. ತನ್ನ ಹೆಸರನ್ನು ಸಂಸ್ಥೆಗೆ ಇಡಬಾರದೆಂದು ದಾನಿಯೇ ಬಯಸಿದ್ದನಾದರೂ, ಬೆಂಗಳೂರಿನ ಜನ ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತ ಬಂದಿದ್ದಾರೆ. ಧಾರೆಯೆರೆದು ಕೈತೊಳೆದುಕೊಳ್ಳುವುದೆಂದರೆ ಇದೇ ಸರಿ. ಬಿದ್ದುಹೋದ ವಿಭಾಗದ ವಿಷಯಗಳು ಆ ಆವರಣದೊಳಕ್ಕೆ ಅರ್ಥಶಾಸ್ತ್ರ ಮತ್ತು ಸಾಮಾಜಿಕ ಶಾಸ್ತ್ರಗಳ ವಿಭಾಗವೆಂಬ ಹೆಸರಿನಲ್ಲಿ ಪ್ರವೇಶಿಸಿದುದು ೧೯೪೦ರ ದಶಕದ ಉತ್ತರಾರ್ಧದಲ್ಲಿ. ಅಷ್ಟರಲ್ಲಿ ಟಾಟಾ ಮನೆತನದ ದತ್ತಿಯಿಂದಲೇ ೧೯೩೬ರಲ್ಲಿ ಮುಂಬಯಿಯಲ್ಲಿ ಸಮಾಜಕಾರ್ಯದ ವಿದ್ಯಾಲಯವೊಂದು ಬೇರೆಯಾಗಿ ಹುಟ್ಟಿತ್ತು. ಮೈಸೂರಿನ ಮಟ್ಟಿಗೆ ನಾಲ್ವತ್ತಕ್ಕೂ ಮಿಕ್ಕ ವರ್ಷಗಳು ಕಳೆದುಹೋದುವು. ಮಂಡ್ಯ ಸೀಮೆಯು ಅಡಿಮೇಲಾದುದು ಆ ವರ್ಷಗಳಲ್ಲಿಯೇ.

ನಡುವೆ ಸಂಸ್ಥಾನದಲ್ಲಿ ಆಲೋಚನೆಯೇ ಇರಲಿಲ್ಲವೆಂದು ಹೇಳಲಾಗದು. ೧೯೧೧ರಲ್ಲಿ ಸೇರಿದ ಮೈಸೂರು ಸಂಪದಭ್ಯುದಯ ಸಮಾಜವು ವ್ಯವಸಾಯ, ಕೈಗಾರಿಕೆ ಮತ್ತು ವಾಣಿಜ್ಯ, ವಿದ್ಯಾಭ್ಯಾಸ ಎಂಬ ಮೂರನ್ನೂ ಒಂದೇ ಚಪ್ಪರದ ಕೆಳಗೆ ತಂದಿತು. ೧೯೧೫ರ ಕನ್ನಡ ಸಾಹಿತ್ಯ ಪರಿಷತ್ತು ಈ ಸಮಾಜದ ವಿದ್ಯಾಶಾಖೆಯಿಂದಲೇ ಹೊರಟುದೆಂಬುದನ್ನು ಸಾಹಿತ್ಯೋಪಾಸಕರು ಮರೆಯಬಾರದು. ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪಿತವಾಯಿತು. ಉದ್ಯಮವನ್ನೂ ವಿದ್ಯೆಯನ್ನೂ ಜೊತೆಯಾಗಿ ಎಣಿಸಿದ ಸರ್ ಎಂ. ವಿಶ್ವೇಶ್ವರಯ್ಯನವರ ಕಾಲದ ಫಲಗಳಿವು.

ಕನ್ನಂಬಾಡಿಯ ಕಟ್ಟೆಯ ಕೆಲಸ ೧೯೧೧ರಲ್ಲಿ ಮೊದಲಾದರೂ, ಅದರ ದೊಡ್ಡ ನಾಲೆಯ ನೀರು ಮಂಡ್ಯದ ಕಡೆಗೆ ಹರಿದದ್ದು ೧೯೩೦ರ ದಶಕದ ಆದಿಯಲ್ಲಿ. ವೈಸ್‌ರಾಯ್ ಇರ್ವಿನ್ನನ ಹೆಸರಿನಿಂದ ಕರೆಯಲ್ಪಟ್ಟು ಮುಂದೆ ವಿಶ್ವೇಶ್ವರಯ್ಯ ನಾಲೆಯೆಂದಾದ ಇದು ಹುಲಿಕೆರೆಯ ಬಳಿ ಗುಡ್ಡವನ್ನು ಕೊರೆದ ಸುರಂಗದಲ್ಲಿ ಹಾಯ್ದು ಬರುತ್ತದೆ. ಅದುವರೆಗೆ ಈ ಮೂರು ತಾಲ್ಲೂಕುಗಳ ಬಹುಭಾಗ ಖುಷ್ಕಿ. ರಾಗಿ, ಜೋಳ, ಹುರುಳಿ. ಕೆರೆಯ ಕೆಳಗೆ ಒಂದಿಷ್ಟು ತರಿ. ನಾಲೆಯ ನೀರನ್ನು ಹಂಚುವುದಕ್ಕೆ, ಭತ್ತ ಕಬ್ಬು ಅರೆಖುಷ್ಕಿ ಬೆಳೆಗಳನ್ನು ಸರದಿಯಲ್ಲಿಡುವ ಬ್ಲಾಕ್ ಪದ್ಧತಿಯನ್ನು ಅನುಸರಿಸಿದರು. ಇದು ವಿಶ್ವೇಶ್ವರಯ್ಯನವರು ಮುಂಬಯಿ ಅಧಿಪತ್ಯದಲ್ಲಿದ್ದಾಗ ಕಲ್ಪಿಸಿದ ಪದ್ಧತಿ.

ನೀರು ಬಂದರೆ ಕಬ್ಬು ಬೆಳೆಯಬಹುದು, ಬೆಳೆದ ಕಬ್ಬನ್ನು ಏನು ಮಾಡುವುದು? ಆಲೆಮನೆಗಳು ಇಷ್ಟನ್ನು ತಾಳಲಾರವು. ಇಲ್ಲಿ ಲೆಸ್ಲಿ ಕೋಲ್ಮನ್ ಎಂಬವರ ಹೆಸರು ಬರುತ್ತದೆ. ಕೆನಡಾ ದೇಶದವರಾದ ಇವರು ೧೯೦೮ರಲ್ಲಿ ಸಸ್ಯರೋಗ ಮತ್ತು ಕೀಟಗಳ ತಜ್ಞರಾಗಿ ಮೈಸೂರಿಗೆ ಬಂದು, ಮಲೆನಾಡಿನ ಅಡಕೆಯ ಕೊಳೆರೋಗಕ್ಕೆ ಮೈಲುತುತ್ತ ಸುಣ್ಣಗಳ ದ್ರಾವಣವನ್ನು ಸಿಂಪಡಿಸುವ ಉಪಾಯವನ್ನು ರೂಢಿಗೆ ತಂದು, ಮುಂದೆ ವ್ಯವಸಾಯ ಇಲಾಖೆಯ ಮುಖ್ಯಸ್ಥರಾದವರು. ನಾಲೆಯ ಬಯಲಿನಲ್ಲಿ ಯಾವ ಮಣ್ಣಿಗೆ ಯಾವ ಕಬ್ಬು, ಎಷ್ಟು ನೀರು, ಯಾವ ಗೊಬ್ಬರ ಎಂಬುದನ್ನು ಗೊತ್ತುಮಾಡಲು ಮಂಡ್ಯದ ಬಳಿ ಪ್ರಯೋಗಕ್ಷೇತ್ರ ಏರ್ಪಟ್ಟಿತು. ಇಂದಿಗೂ ಜನ ವಿ.ಸಿ. ಫಾರಂ ಎನ್ನುವುದು ಅದನ್ನೇ. ಹೆಬ್ಬಾಳದಲ್ಲಿ ಹುಟ್ಟಿಸಿದ ಕಬ್ಬಿನ ತಳಿಗಳಿಗೆ ಹೆಬ್ಬಾಳ ಮೈಸೂರು ಎಂಬುದರ ಆದ್ಯಕ್ಷರಗಳಿಂದ ಎಚ್.ಎಂ. ಎಂಬ ಗುರುತಾಯಿತು, ಕೊಯಮತ್ತೂರಿನ ಕೋ ೪೧೯ ಎಂಬ ತಳಿಯೂ ಇಲ್ಲಿ ಬೇರೂರಿತು. ೧೯೩೨ರಲ್ಲಿ ವಿದೇಶೀ ಸಕ್ಕರೆಯ ಮೇಲಿನ ಸುಂಕದಿಂದ ದೇಶೀಯ ಕಾರ್ಖಾನೆಗಳಿಗೆ ರಕ್ಷಣೆ ದೊರೆಯಿತು. ೧೯೩೩ರ ಜನವರಿಯಲ್ಲಿ, ಸರ್ ಮಿರ್ಜಾ ಇಸ್ಮಾಯಿಲರ ದಿವಾನಗಿರಿಯಲ್ಲಿ, ಮೈಸೂರು ಸಕ್ಕರೆ ಕಂಪೆನಿ ಮಂಡ್ಯದಲ್ಲಿ ಸ್ಥಾಪಿತವಾಯಿತು. ಸರ್ಕಾರದವರೇ ದೊಡ್ಡ ಪಾಲುದಾರರು; ಸಾರ್ವಜನಿಕರ ಷೇರುಗಳೂ ಇದ್ದುವು.

ಇಷ್ಟರಿಂದ ಸ್ಪಷ್ಟವಾಗುವುದೇನೆಂದರೆ, ಮಂಡ್ಯದ ಉದ್ಯಮವು ಸಂಶೋಧನೆಗೆ ದತ್ತಿ ಕೊಟ್ಟು ದೊಡ್ಡದಾದುದಲ್ಲ. ಸಂಶೋಧನೆಯೇ ಅದರ ತಾಯಿ. ಪ್ರಜೆಗಳ ತೆರಿಗೆಯಿಂದ ಹೆಬ್ಬಾಳದಲ್ಲಿಯೂ ನಾಲೆಯ ದಡದಲ್ಲಿಯೂ ನಡೆದ ಪ್ರಯೋಗಗಳು ಮೊದಲು, ಕಾರ್ಖಾನೆ ಆಮೇಲೆ. ಹೀಗಾಗಿ ಇಲ್ಲಿಯ ಉದ್ಯಮವು ವಿದ್ಯೆಗೆ ಕೊಡುವುದನ್ನು ದಾನವೆಂದು ಕರೆಯುವುದಕ್ಕಿಂತ ಋಣವೆಂದು ಕರೆಯುವುದು ಶಾಸ್ತ್ರಸಮ್ಮತವಾದೀತು. ದಾನವು ಕೊಡುವವನ ಇಷ್ಟ, ಋಣಕ್ಕೆ ಇಷ್ಟಾನಿಷ್ಟಗಳಿಲ್ಲ.

ನಾಲೆಯ ನೀರಿನೊಡನೆ ಮಲೇರಿಯಾ ಜ್ವರವೂ ಬಂದುದನ್ನು ಇಲ್ಲಿ ಹೇಳದೆ ಬಿಡುವಂತಿಲ್ಲ. ಗದ್ದೆಗಳ ನಡುವೆ ಊರುಗಳು ಮಲಗಿದುವು. ಅಮೆರಿಕದ ಎಣ್ಣೆಯ ವ್ಯಾಪಾರದಲ್ಲಿ ಕೂಡಿದ ಹಣದಿಂದ ಏರ್ಪಟ್ಟ ರಾಕ್‌ಫೆಲರ್ ಪ್ರತಿಷ್ಠಾನವು ೧೯೨೦ರ ದಶಕದ ಕೊನೆಯಿಂದ ಮೈಸೂರು ಸರ್ಕಾರದೊಡನೆ ಕೂಡಿ ಮಲೇರಿಯಾ ಕುರಿತ ಶೋಧನೆಗಳನ್ನು ನಡೆಸಿತು. ಒಂದು ದೇಶದ ವ್ಯಾಪಾರದ ಲಾಭವು ಇನ್ನೊಂದು ದೇಶದ ನೀರಾವರಿಯ ಕೇಡನ್ನು ಅಳೆಯಲು ವೆಚ್ಚವಾದುದು ವಿಚಿತ್ರವಾದರೂ, ಫಲವನ್ನೇ ಅಲ್ಲದೆ ಕೇಡನ್ನೂ ಅಳೆಯಬೇಕೆಂಬುದಕ್ಕೆ ಈ ಸೀಮೆಯ ಹತ್ತಿರದ ನಿದರ್ಶನ ಇದೇ.

ಜನಜೀವನದ ಅಳತೆಗೆ ಇನ್ನೂ ಇಪ್ಪತ್ತು ವರ್ಷ ಕಾಯಬೇಕಾಯಿತು. ೧೯೫೪ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದಿಂದ ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ಸಂಶೋಧಕಿ ಮಂಡ್ಯಕ್ಕೆ ಬಂದರು. ವಿಯೆನ್ನಾ ನಗರದಲ್ಲಿ ೧೯೨೨ರಲ್ಲಿ ಹುಟ್ಟಿ, ನಾಜಿಗಳ ಹಿಂಸೆಯಿಂದ ಪಾರಾಗಿ ಇಂಗ್ಲೆಂಡನ್ನು ಸೇರಿದ ಈಕೆ ಅರ್ಥಶಾಸ್ತ್ರವನ್ನು ಓದಿ, ಮಾಕ್ಸ್ ಗ್ಲಕ್‌ಮನ್ನನ ಬಳಿ ಸಮಾಜಮಾನವಶಾಸ್ತ್ರದಲ್ಲಿ ಡಾಕ್ಟರೇಟ್ ಪದವಿಗಾಗಿ ವ್ಯಾಸಂಗ ಮಾಡುತ್ತಿದ್ದರು. ಮಂಡ್ಯದ ಸಮೀಪದ ಎರಡು ಹಳ್ಳಿಗಳನ್ನು ಆರಿಸಿಕೊಂಡು ೧೯೫೬ರವರೆಗೆ ಅಲ್ಲಿಯೇ ಇದ್ದು ವಿಚಾರಿಸಿದರು. ಹಳ್ಳಿಗಳ ನಿಜವಾದ ಹೆಸರನ್ನು ಮರೆಮಾಡಿ ಒಂದನ್ನು ವಂಗಳವೆಂದೂ ಇನ್ನೊಂದನ್ನು ದಳೇನವೆಂದೂ ಕರೆದರು. ಪ್ರಬಂಧವು ೧೯೬೨ರಲ್ಲಿ ದಕ್ಷಿಣ ಭಾರತದ ಆರ್ಥಿಕಾಭಿವೃದ್ಧಿ ಮತ್ತು ಸಾಮಾಜಿಕ ಪರಿವರ್ತನೆ ಎಂಬ ಅರ್ಥದ ಇಂಗ್ಲಿಷ್ ಹೆಸರಿನಿಂದ ಗ್ರಂಥವಾಗಿ ಪ್ರಕಟವಾಯಿತು.

ಆ ಗ್ರಂಥದ ನಿರ್ಣಯವು ಎಣಿಸಿದುದಕ್ಕೆ ವಿರುದ್ಧವಾದುದು. ಅದರ ಬೆಲೆ ಇರುವುದೂ ಅಲ್ಲಿಯೇ. ವಂಗಳಕ್ಕೆ ನಾಲೆಯ ನೀರು ಹತ್ತಿತು. ರೈತರು ಕಾರ್ಖಾನೆಯೊಡನೆ ಒಪ್ಪಂದ ಮಾಡಿಕೊಂಡು ಕಬ್ಬು ಬೆಳೆದರು. ಕೈಯಲ್ಲಿ ಹಣ ಓಡಾಡಿತು. ಮನೆಗಳು ಎದ್ದುವು, ಮದುವೆಗಳು ದೊಡ್ಡದಾದುವು. ಆದರೆ ಒಕ್ಕಲಿಗ ಯಜಮಾನನಿಗೂ ಪರಂಪರೆಯಿಂದ ಅವನ ಹೊಲದಲ್ಲಿ ದುಡಿಯುವ ಆಳಿಗೂ ಇದ್ದ ಕಟ್ಟು ಸಡಿಲವಾಗಲಿಲ್ಲ. ಕೆಲಸ ಹೆಚ್ಚಿದುದರಿಂದ ಹಳೆಯ ಕಟ್ಟು ಇನ್ನಷ್ಟು ಉಪಯುಕ್ತವಾಯಿತು. ದಳೇನವೋ ಎತ್ತರದ ನೆಲ. ನಾಲೆಯ ನೀರು ಏರಲಿಲ್ಲ. ಸುತ್ತಲೂ ಹಸಿರು, ತಮಗೆ ಮಾತ್ರ ಖುಷ್ಕಿ. ಆ ಊರಿನವರು ಸುಮ್ಮನಿರಲಿಲ್ಲ. ಮಂಡ್ಯದಲ್ಲಿ, ಕಾರ್ಖಾನೆಯಲ್ಲಿ ಕೆಲಸ ಹಿಡಿದರು, ವ್ಯಾಪಾರಕ್ಕೆ, ಗುತ್ತಿಗೆಗೆ ಇಳಿದರು, ಗಾಡಿ ಹೊಡೆದರು, ನೆರೆಯೂರುಗಳಲ್ಲಿ ತರಿ ಜಮೀನು ಕೊಂಡರು. ಹಳೆಯ ಆಳು ಒಡೆಯ ಸಂಬಂಧವು ಮುರಿದುದು ಈ ಊರಿನಲ್ಲಿ. ಉದ್ಯಮವು ನೇರವಾಗಿ ಬೆಲ್ಲದ ಸವಿಯನ್ನು ಇಟ್ಟ ಕಡೆ ಸಮಾಜ ಇದ್ದಂತೆಯೇ ಇತ್ತು. ಬಾಗಿಲಿನ ಹೊರಗೆ ನಿಲ್ಲಿಸಿದ ಕಡೆ ಬದಲಾಯಿತು. ಕಾರ್ಖಾನೆಯ ಲಾಭ ನಷ್ಟದ ಪಟ್ಟಿಯನ್ನು ಎಷ್ಟು ತಿರುವಿದರೂ ಈ ಸಂಗತಿ ಸಿಕ್ಕುತ್ತಿರಲಿಲ್ಲ.

೧೯೭೦ರಲ್ಲಿ ಎಪ್‌ಸ್ಟೈನ್ ಅದೇ ಹಳ್ಳಿಗಳಿಗೆ ಮತ್ತೆ ಬಂದರು. ೧೯೭೩ರ ಅವರ ಎರಡನೆಯ ಗ್ರಂಥದಲ್ಲಿ, ಉಳ್ಳವರು ಮೇಲೇರಿ ಇಲ್ಲದವರು ಹಿಂದೆ ಬಿದ್ದ ಸಂಗತಿಯು ಮರೆಮಾಚದೆ ಹೇಳಲ್ಪಟ್ಟಿದೆ. ೧೯೯೮ರ ಮೂರನೆಯ ಗ್ರಂಥವನ್ನು ಅವರು ಎ. ಪಿ. ಸೂರ್ಯನಾರಾಯಣ ಮತ್ತು ಟಿ. ತಿಮ್ಮೇಗೌಡ ಎಂಬ ಕನ್ನಡಿಗರೊಡನೆ ಕೂಡಿ ಬರೆದರು. ಗ್ರಾಮದ ದನಿಗಳೆಂಬ ಅರ್ಥದ ಹೆಸರು ಅದಕ್ಕೆ. ಒಬ್ಬ ವಿದ್ಯಾರ್ಥಿನಿಯ ಡಾಕ್ಟರೇಟ್ ವ್ಯಾಸಂಗದಿಂದ ಹೊರಟ ಎಳೆ ನಾಲ್ವತ್ತು ವರ್ಷ ಹರಿಯದೆ ನಡೆಯಿತು. ಸೊಬಗಿನ ವಿಷಯವೇ, ಆದರೆ ಪ್ರಶ್ನೆಯು ಮ್ಯಾಂಚೆಸ್ಟರಿನಿಂದ ಬಂದಿತು, ಉತ್ತರವು ಇಂಗ್ಲಿಷಿನಲ್ಲಿ ಹೋಯಿತು. ತಮ್ಮ ಊರಿನ ಕಥೆಯನ್ನು ಓದಬಯಸುವ ಆ ಎರಡು ಹಳ್ಳಿಯವರಿಗೆ ಅದರಲ್ಲಿ ತಮ್ಮ ಊರಿನ ಹೆಸರೂ ದೊರೆಯುವುದಿಲ್ಲ. ಗುಟ್ಟನ್ನು ಕಾಪಾಡುವುದು ಆ ಶಾಸ್ತ್ರದ ನಿಯಮವೆಂಬುದನ್ನು ಒಪ್ಪಬೇಕು. ಆದರೂ ಶಾಸನಗಳನ್ನು ಓದುವ ಕಣ್ಣಿಗೆ ಊರಿನ ಹೆಸರಿಲ್ಲದ ಬರವಣಿಗೆ ಕೊಂಚ ಅನಾಥವಾಗಿ ಕಾಣುತ್ತದೆ.

ಸ್ವಾತಂತ್ರ್ಯಾನಂತರದಲ್ಲಿ ಸಮಾಜಶಾಸ್ತ್ರಗಳ ಸಂಶೋಧನೆಗೆ ಸರ್ಕಾರದ ಹಣವೇ ಮುಖ್ಯ ಆಧಾರವಾಯಿತು. ೧೯೬೯ರಲ್ಲಿ ಭಾರತೀಯ ಸಮಾಜವಿಜ್ಞಾನ ಸಂಶೋಧನ ಮಂಡಲಿ ದೆಹಲಿಯಲ್ಲಿ ಏರ್ಪಟ್ಟಿತು. ೧೯೭೨ರಲ್ಲಿ ವಿ. ಕೆ. ಆರ್. ವಿ. ರಾವ್ ಅವರು ಬೆಂಗಳೂರಿನಲ್ಲಿ ಸಾಮಾಜಿಕ ಆರ್ಥಿಕ ಪರಿವರ್ತನ ಸಂಸ್ಥೆಯನ್ನು ಸ್ಥಾಪಿಸಿದರು. ಉದ್ಯಮದ ಹಣವು ಕಾನೂನಿನ ಮೂಲಕ ಹರಿಯತೊಡಗಿದುದು ೨೦೧೩ರ ಕಂಪೆನಿ ಅಧಿನಿಯಮದಿಂದ. ಅದರ ೧೩೫ನೆಯ ಪ್ರಕರಣದಂತೆ, ೫೦೦ ಕೋಟಿ ರೂಪಾಯಿಯ ನಿವ್ವಳ ಸಂಪತ್ತು, ಇಲ್ಲವೇ ೧೦೦೦ ಕೋಟಿಯ ವಹಿವಾಟು, ಇಲ್ಲವೇ ೫ ಕೋಟಿಯ ನಿವ್ವಳ ಲಾಭವುಳ್ಳ ಕಂಪೆನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡರಷ್ಟನ್ನು ಸಮಾಜದ ಕೆಲಸಗಳಿಗೆ ವೆಚ್ಚಮಾಡಬೇಕು. ಹೇರಿನ ಮೇಲಿನ ಆಯವು ಸಾವಿರ ವರ್ಷದ ಮೇಲೆ ಹೊಸ ವೇಷದಲ್ಲಿ ಬಂದಿತೆನ್ನಬಹುದು. ಒಂದು ವ್ಯತ್ಯಾಸ: ಐನೂರ್ವರು ತಾವೇ ಕಟ್ಟಿಕೊಂಡರು, ಇವರಿಗೆ ಕಟ್ಟಲಾಯಿತು.

ಆ ಅಧಿನಿಯಮದ ಏಳನೆಯ ಅನುಸೂಚಿಯಲ್ಲಿ ವೆಚ್ಚಮಾಡತಕ್ಕ ಕಾರ್ಯಗಳ ಪಟ್ಟಿಯಿದೆ. ೨೦೧೯ರ ತಿದ್ದುಪಡಿಯಿಂದ ಸಾರ್ವಜನಿಕ ವಿಶ್ವವಿದ್ಯಾನಿಲಯಗಳ ಸಂಶೋಧನೆಗೆ ಕೊಡುವ ಹಣವೂ ಅದರಲ್ಲಿ ಸೇರಿತು. ಯಾವ ಸಂಶೋಧನೆ? ವಿಜ್ಞಾನ, ತಂತ್ರವಿದ್ಯೆ, ಎಂಜಿನಿಯರಿಂಗ್, ವೈದ್ಯ ಎಂದು ನಾಲ್ಕನ್ನು ಹೆಸರಿಸಿ ನಿಲ್ಲಿಸಿದೆ. ವಿದ್ಯಾಭಿವೃದ್ಧಿಯೆಂಬ ಸಾಮಾನ್ಯ ಬಾಬಿನಲ್ಲಿ ಇತರ ವಿಷಯಗಳಿಗೂ ಎಡೆ ಮಾಡಿಕೊಳ್ಳಬಹುದೆಂದು ವಾದಿಸುವವರಿರಬಹುದು. ಆದರೆ ಸಂಶೋಧನೆಯೆಂಬ ಶಬ್ದದ ಪಕ್ಕದಲ್ಲಿ ಸಮಾಜಶಾಸ್ತ್ರಕ್ಕೆ ಸ್ಥಾನವಿಲ್ಲ. ೨೦೧೨ರಲ್ಲಿ ಆರಂಭವಾದ ಪ್ರಧಾನಮಂತ್ರಿಗಳ ಹೆಸರಿನ ಡಾಕ್ಟರೇಟ್ ವಿದ್ಯಾರ್ಥಿವೇತನವು ಅರ್ಧ ಸರ್ಕಾರದಿಂದಲೂ ಅರ್ಧ ಉದ್ಯಮದಿಂದಲೂ ನಡೆಯತಕ್ಕದ್ದಾಗಿ ಏರ್ಪಟ್ಟಿತು. ಅದೂ ವಿಜ್ಞಾನ ವಿಷಯಗಳನ್ನು ಮುಂದಿಟ್ಟುಕೊಂಡುದೇ. ಪಾದಷಾನ ಕರಡಿನಿಂದ ೧೯೦೦ರಲ್ಲಿ ಬಿದ್ದುಹೋದ ಮೂರನೆಯ ವಿಭಾಗವು ೨೦೧೯ರಲ್ಲಿ ಮತ್ತೊಮ್ಮೆ ಹೊಸ್ತಿಲಲ್ಲೇ ನಿಂತಿತು. ಯಂತ್ರವನ್ನು ಕುರಿತು ಕೇಳುವವನಿಗೆ ಹಣವಿದೆ. ಯಂತ್ರದಿಂದ ಯಾರಿಗೇನಾಯಿತೆಂದು ಕೇಳುವವನಿಗೆ ಇಲ್ಲ. ಇದರಲ್ಲಿ ಯಾರದೂ ದುರುದ್ದೇಶವನ್ನು ಊಹಿಸಬೇಕಾಗಿಲ್ಲ. ಹಣ ಕೊಡುವವನಿಗೂ ಕೊಡಿಸುವವನಿಗೂ ಮೊದಲನೆಯ ಪ್ರಶ್ನೆ ಹಿತವಾದುದು, ಎರಡನೆಯದು ಅಹಿತವಾಗಬಹುದಾದುದು.

ಆತಕೂರಿನ ಕಲ್ಲಿನ ನಿಯಮವನ್ನೂ ಸಾಲೊಟಗಿಯ ಏರ್ಪಾಡನ್ನೂ ಕೂಡಿಸಿ ನೋಡಿದರೆ ಈ ತೊಡಕಿಗೆ ಹಾದಿ ಇಲ್ಲದಿಲ್ಲ. ಒಂದು ಕಂಪೆನಿ ಒಬ್ಬ ವಿದ್ಯಾರ್ಥಿಯನ್ನು ಸಾಕುವುದಕ್ಕೆ ಬದಲಾಗಿ, ಹಲವು ಕಂಪೆನಿಗಳ ಪಾಲು ಒಂದು ನಿಧಿಗೆ ಸೇರಿ ವಿಶ್ವವಿದ್ಯಾನಿಲಯದ ವಶವಾದರೆ, ಯಾವ ವಿದ್ಯಾರ್ಥಿ ಯಾರ ಅನ್ನವನ್ನು ಉಂಡನೆಂಬುದು ಅಳಿಸಿಹೋಗುತ್ತದೆ. ಕೆಲಸ ಮಾಡದೆ ಉಂಡವನಿಗೆ ಶಾಪವಿರಲಿ. ಕೆಲಸದ ಫಲ ಹೀಗೆಯೇ ಇರಬೇಕೆಂಬ ಕಟ್ಟಳೆ ಬೇಡ. ಇದು ಹೊಸ ಕಲ್ಪನೆಯಲ್ಲ, ಈ ನಾಡಿನ ಕಲ್ಲುಗಳಲ್ಲಿ ಕೊರೆದಿರುವುದೇ.

ಮಂಡ್ಯ ಸೀಮೆಯಲ್ಲಿ ಅಂಥ ಸಂಶೋಧನೆಗೆ ವಿಷಯವು ಬತ್ತಿಲ್ಲ. ಮೈಸೂರು ಸಕ್ಕರೆ ಕಂಪೆನಿಯು ನಷ್ಟಕ್ಕೆ ಸಿಕ್ಕಿ, ಕೆಲವು ವರ್ಷ ಕಬ್ಬು ಅರೆಯುವುದನ್ನೇ ನಿಲ್ಲಿಸಿ, ೨೦೨೨ರಲ್ಲಿ ಮತ್ತೆ ಆರಂಭಿಸಿತು. ಮದ್ದೂರು ತಾಲ್ಲೂಕಿನಲ್ಲಿ ಖಾಸಗಿ ಸಕ್ಕರೆ ಕಾರ್ಖಾನೆಗಳು ಬೆಳೆದುವು. ಸರ್ಕಾರದ ಕಾರ್ಖಾನೆ ನಿಂತಾಗ ರೈತನ ಕಬ್ಬು ಎಲ್ಲಿಗೆ ಹೋಯಿತು, ಏನು ಬೆಲೆಗೆ ಹೋಯಿತು, ಆಲೆಮನೆಯು ಎಷ್ಟನ್ನು ಹಿಡಿಯಿತು, ಹಣ ಕೈಸೇರಲು ಎಷ್ಟು ದಿನವಾಯಿತು ಎಂಬುದು ಒಂದು ಪ್ರಬಂಧಕ್ಕೆ ಸಾಲುವ ವಿಷಯ. ಅದಕ್ಕೆ ಬೇಕಾದ ಮೂಲಸಾಮಗ್ರಿಯು ಶಿಲೆಯಲ್ಲಿಲ್ಲ, ತಾಮ್ರದಲ್ಲಿಲ್ಲ; ಕಾಗದದಲ್ಲಿದೆ. ಕಾರ್ಖಾನೆಯ ತೂಕದ ಚೀಟಿಗಳು, ಒಪ್ಪಂದದ ಪುಸ್ತಕಗಳು, ತಾಲ್ಲೂಕು ಕಚೇರಿಗಳ ನೀರುಕಂದಾಯದ ಲೆಕ್ಕಗಳು, ಸಹಕಾರ ಸಂಘಗಳ ಸಾಲದ ಖಾತೆಗಳು ಇವೇ ಈ ಕಾಲದ ಶಾಸನಗಳು. ಆತಕೂರಿನ ಕಲ್ಲು ಸಾವಿರ ವರ್ಷ ಮಳೆ ಬಿಸಿಲಿನಲ್ಲಿ ನಿಂತು ಉಳಿಯಿತು. ಕಬ್ಬಿನ ತೂಕದ ಪುಸ್ತಕವು ಸೋರುವ ಕೋಣೆಯಲ್ಲಿ ಹತ್ತು ಮಳೆಗಾಲವನ್ನೂ ತಾಳಲಾರದು. ಯಾರು ಯಾವ ದತ್ತಿಯನ್ನು ಬಿಡುವುದಾದರೂ, ಅದರ ಮೊದಲನೆಯ ವರ್ಷದ ಹಣವು ಈ ಕಾಗದಗಳನ್ನು ಒಂದೆಡೆ ಸೇರಿಸಿ, ಒಣಗಿಸಿ, ಪಟ್ಟಿಮಾಡಿ ಇಡುವುದಕ್ಕೇ ಸರಿಹೋಗುತ್ತದೆ.